ಚರ್ಚೆ: ದೂಳು ಮುಚ್ಚಿಟ್ಟ ಬಿಸಿಲು, ಲೆಕ್ಕಕ್ಕೆ ಸಿಗದ ನಷ್ಟ

ಬಸವನಗುಡಿ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ನಮ್ಮ ಮನೆಯ ತಾರಸಿಯ ಮೇಲೆ ನೀರು ಕಾಯಿಸುವ ಸೋಲಾರ್ ಇದೆ. ಹದಿನೈದು ದಿನಕ್ಕೊಮ್ಮೆ ಅದರ ಗಾಜನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸುವುದು ನನ್ನ ಪಾಲಿನ ಕೆಲಸ. ಕಳೆದ ಭಾನುವಾರ ಒರೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿದಾಗ ನೀರು ಮೊದಲು ಕೆಂಪಾಯಿತು. ಅದು ರಸ್ತೆಯ ಮಣ್ಣು. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಮಣ್ಣು ತಳಕ್ಕೆ ಕೂತಿತು, ಮೇಲೆ ಕಪ್ಪು ಬಣ್ಣದ ತೆಳುವಾದ ಪದರವೊಂದು ತೇಲುತ್ತಿತ್ತು. ಬೆರಳಿಗೆ ಹತ್ತಿದ ಅದು ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಿಂದ ಹೋಗಲಿಲ್ಲ. ಅದು ಡೀಸೆಲ್ ಮತ್ತು ಕಸ ಉರಿದ ಮಸಿ. ಈ ಮಸಿಯ ಜೊತೆಗೇ ಗಾಳಿಯಲ್ಲಿದ್ದು, ನನ್ನ ಬಟ್ಟೆಗೆ ಬಣ್ಣ ತೋರಿಸದೆ ಹೋಗುವ ಇನ್ನೊಂದು ಬಗೆಯ ಕಣವಿದೆ. ಇಂದಿನ ಚರ್ಚೆಗೆ ಅದೇ ಮುಖ್ಯ.

ಕಲ್ಲಿದ್ದಲನ್ನೋ ಗಂಧಕ ಹೆಚ್ಚಿರುವ ಎಣ್ಣೆಯನ್ನೋ ಉರಿಸಿದಾಗ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಯಲ್ಲಿ ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ. ಮಸಿ ಬಿಸಿಲನ್ನು ಹೀರಿಕೊಂಡು ಗಾಳಿಯನ್ನು ಕಾಯಿಸಿದರೆ, ಸಲ್ಫೇಟ್ ಬಿಸಿಲನ್ನು ಚದುರಿಸಿ ಅದರ ಒಂದು ಭಾಗವನ್ನು ಬಾಹ್ಯಾಕಾಶಕ್ಕೆ ಹಿಂದಿರುಗಿಸುತ್ತದೆ. ಅಷ್ಟೇ ಅಲ್ಲ, ಮೋಡದೊಳಗೆ ನೀರಿನ ಹನಿ ಕಟ್ಟುವುದಕ್ಕೆ ಈ ಕಣಗಳೇ ಬೀಜ. ಬೀಜ ಹೆಚ್ಚಿದರೆ ಹನಿಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಹನಿಯ ಗಾತ್ರ ಕುಗ್ಗುತ್ತದೆ, ಮೋಡ ಇನ್ನಷ್ಟು ಬೆಳ್ಳಗಾಗಿ ಇನ್ನಷ್ಟು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಒಟ್ಟಿನಲ್ಲಿ ನಮ್ಮ ಶ್ವಾಸಕೋಶವನ್ನು ಕೆಡಿಸುವ ಹೊಗೆಯೇ ಭೂಮಿಗೆ ಒಂದು ಕೊಡೆಯನ್ನೂ ಹಿಡಿದಿದೆ.

ಆ ಕೊಡೆ ಎಷ್ಟು ದೊಡ್ಡದು? ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, 2010ರಿಂದ 2019ರ ದಶಕದ ಹೊತ್ತಿಗೆ ಮನುಷ್ಯರಿಂದಾದ ತಾಪಮಾನದ ಏರಿಕೆ ಸುಮಾರು 1.07 ಡಿಗ್ರಿ ಸೆಲ್ಸಿಯಸ್. ಹಸಿರುಮನೆ ಅನಿಲಗಳು ಮಾತ್ರವೇ ಇದ್ದಿದ್ದರೆ ಈ ಏರಿಕೆ 1ರಿಂದ 2 ಡಿಗ್ರಿ ಇರುತ್ತಿತ್ತು. ಮುಖ್ಯವಾಗಿ ಈ ಕಣಗಳ ಕಾರಣದಿಂದ ಸೊನ್ನೆಯಿಂದ 0.8 ಡಿಗ್ರಿಯಷ್ಟು ತಂಪಾಗಿ, ಅದನ್ನು ಕಳೆದು ಉಳಿದದ್ದು ನಮ್ಮ ಥರ್ಮಾಮೀಟರಿಗೆ ಸಿಕ್ಕಿದೆ. ಸೊನ್ನೆ ಮತ್ತು 0.8ರ ನಡುವಿನ ಅಂತರವನ್ನು ದಯವಿಟ್ಟು ಗಮನಿಸಿ. ಕಾರ್ಬನ್ ಡೈಆಕ್ಸೈಡ್ ಎಷ್ಟು ಶಾಖವನ್ನು ಹಿಡಿದಿಡುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಕಣಗಳ ತಂಪಿನ ಅಳತೆ ಅಷ್ಟು ಖಚಿತವಾಗಿಲ್ಲ.

ಇದನ್ನು ತರಗತಿಯಲ್ಲಿ ನಾನು ತಕ್ಕಡಿಯ ಮೂಲಕ ವಿವರಿಸುತ್ತಿದ್ದೆ. ಒಂದು ತಟ್ಟೆಯಲ್ಲಿ ಅನಿಲಗಳು, ಇನ್ನೊಂದರಲ್ಲಿ ಕಣಗಳು. ನಮಗೆ ಕಾಣುವುದು ಮುಳ್ಳು ಎಷ್ಟು ವಾಲಿದೆ ಎಂಬುದು ಮಾತ್ರ. ಕಣಗಳ ತಟ್ಟೆ ಹಗುರವಾಗಿದ್ದರೆ ಭೂಮಿಯ ಸ್ವಭಾವ ಸ್ವಲ್ಪ ಸಮಾಧಾನದ್ದು. ಅದು ಭಾರವಾಗಿದ್ದೂ ಮುಳ್ಳು ಇಷ್ಟು ವಾಲಿದೆ ಎಂದಾದರೆ, ಭೂಮಿ ಅನಿಲಗಳಿಗೆ ನಾವು ತಿಳಿದುಕೊಂಡದ್ದಕ್ಕಿಂತ ತೀವ್ರವಾಗಿ ಸ್ಪಂದಿಸುತ್ತಿದೆ ಎಂದರ್ಥ. ಆ ತಟ್ಟೆಯನ್ನು ಖಾಲಿ ಮಾಡುವ ದಿನ ಸತ್ಯ ಗೊತ್ತಾಗುತ್ತದೆ. ಖಾಲಿ ಮಾಡುವುದಂತೂ ಈಗಾಗಲೇ ನಡೆದಿದೆ. ಚೀನಾ 2007ರ ನಂತರದ ಹತ್ತು ವರ್ಷಗಳೊಳಗೆ ತನ್ನ ಸಲ್ಫರ್ ಡೈಆಕ್ಸೈಡನ್ನು ಶೇ 75ರಷ್ಟು ಇಳಿಸಿತು. ಅದೇ ಅವಧಿಯಲ್ಲಿ ನಮ್ಮದು ಶೇ 50ರಷ್ಟು ಏರಿತು. 2020ರ ಜನವರಿ 1ರಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ 0.5ಕ್ಕೆ ತಂದರು. 2024ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕಾ ಪೂರ್ವ ಕಾಲಕ್ಕಿಂತ 1.55 ಡಿಗ್ರಿ ಹೆಚ್ಚಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಈ ಜಿಗಿತದಲ್ಲಿ ಎಲ್ ನಿನ್ಯೋ (ಪೆಸಿಫಿಕ್ ಸಾಗರ ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗುವುದು) ಪಾಲೆಷ್ಟು, ಕಣಗಳು ಕಡಿಮೆಯಾದ ಪಾಲೆಷ್ಟು ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ಕಣಗಳ ಪಾಲು ದೊಡ್ಡದು ಎನ್ನುತ್ತಾರೆ. ಅದನ್ನು ಒಪ್ಪದ ಹಿರಿಯ ವಿಜ್ಞಾನಿಗಳೂ ಇದ್ದಾರೆ.

ಇದು ದೂರದ ವಿಷಯವಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಓದಿದ ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಅವರು ರಸಾಯನ ವಿಜ್ಞಾನಿ ಪಾಲ್ ಕ್ರುಟ್ಜೆನ್ ಜೊತೆಗೂಡಿ ಮುನ್ನಡೆಸಿದ 1999ರ ಹಿಂದೂ ಮಹಾಸಾಗರ ಪ್ರಯೋಗವೇ ನಮ್ಮ ಉಪಖಂಡದಿಂದ ಸಮುದ್ರದ ಮೇಲಕ್ಕೆ ಹಬ್ಬುವ ಕಂದು ಹೊಗೆಯನ್ನು ಜಗತ್ತಿಗೆ ತೋರಿಸಿತು. ಅದೇ ಕ್ಯಾಂಪಸ್ಸಿನಲ್ಲಿ ವಿಜ್ಞಾನಿ ಸತೀಶ್ ಮತ್ತಿತರರು ಈ ಕಣಗಳ ಲೆಕ್ಕವನ್ನು ಇಂದಿಗೂ ಮುಂದುವರಿಸಿದ್ದಾರೆ. ನನ್ನ ಪ್ರಶ್ನೆ ಇಷ್ಟು: ಕೊಡೆಯ ಕೆಳಗೆ ನಿಂತು ಅಳೆದ ಬಿಸಿಲನ್ನೇ ನಂಬಿ ನಮ್ಮ ಸರ್ಕಾರಗಳೂ ಬ್ಯಾಂಕುಗಳೂ ಮುಂದಿನ ನಷ್ಟವನ್ನು ಅಂದಾಜು ಮಾಡುತ್ತಿವೆಯೇ? ಹಣಕಾಸಿನ ವಿಷಯ ಬಲ್ಲವರು ದಯವಿಟ್ಟು ಬರೆಯಿರಿ.

ವಿಮೆಯ ಲೆಕ್ಕಿಗ

ಮೇಷ್ಟ್ರೇ, ನಾನು ವಿಮಾ ಕ್ಷೇತ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಪಾಯದ ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು. ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ.

ಹವಾಮಾನ ಅರ್ಥಶಾಸ್ತ್ರದ ಅತ್ಯಂತ ಪ್ರಭಾವಿ ಮಾದರಿಯನ್ನು ಕಟ್ಟಿದವರು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ನಾರ್ಡ್‌ಹೌಸ್. ಅದರ ಹೆಸರು ಡೈಸ್. ಅದರ ಒಳಗೆ ಒಂದು ಹಾನಿಯ ಸೂತ್ರವಿದೆ: ತಾಪಮಾನ ಇಷ್ಟು ಏರಿದರೆ ಜಗತ್ತಿನ ಆದಾಯ ಇಷ್ಟು ಕಡಿಮೆಯಾಗುತ್ತದೆ ಎಂದು ಹೇಳುವ ಸೂತ್ರ. 2016ರ ಆವೃತ್ತಿಯಲ್ಲಿ 3 ಡಿಗ್ರಿ ಏರಿದರೆ ಶೇ 2.1ರಷ್ಟು, 6 ಡಿಗ್ರಿ ಏರಿದರೆ ಶೇ 8.5ರಷ್ಟು ನಷ್ಟ ಎಂದು ಬರುತ್ತದೆ. 6 ಡಿಗ್ರಿ ಎಂದರೆ ಮನುಷ್ಯರು ಬೇಸಾಯ ಕಲಿತ ನಂತರ ಎಂದೂ ಕಾಣದ ಭೂಮಿ. ಅದಕ್ಕೆ ಈ ಮಾದರಿ ಹಾಕಿದ ಬೆಲೆ, ವರ್ಷಕ್ಕೆ ಶೇ 2ರಂತೆ ಬೆಳೆಯುವ ಆರ್ಥಿಕತೆಯೊಂದರ ನಾಲ್ಕೈದು ವರ್ಷಗಳ ಬೆಳವಣಿಗೆಯಷ್ಟು. 2018ರ ಅಕ್ಟೋಬರ್ 8ರಂದು ನಾರ್ಡ್‌ಹೌಸ್ ಅವರಿಗೆ ನೊಬೆಲ್ ಘೋಷಣೆಯಾಯಿತು. ಅದೇ ದಿನ ಐಪಿಸಿಸಿ ತನ್ನ 1.5 ಡಿಗ್ರಿಯ ವಿಶೇಷ ವರದಿಯನ್ನು ಬಿಡುಗಡೆ ಮಾಡಿತು. ಒಂದು ಕಡೆ 1.5 ಡಿಗ್ರಿ ದಾಟಬಾರದು ಎಂಬ ಎಚ್ಚರಿಕೆ. ಇನ್ನೊಂದು ಕಡೆ, ಶತಮಾನದ ಕೊನೆಗೆ ತಾಪಮಾನ ಸುಮಾರು 3.5 ಡಿಗ್ರಿಯ ಹತ್ತಿರ ಹೋಗುವ ದಾರಿಯನ್ನೇ ಅತ್ಯಂತ ಲಾಭದಾಯಕವೆಂದು ತೋರಿಸುವ ಮಾದರಿಗೆ ಗೌರವ.

ಇಷ್ಟು ಕಡಿಮೆ ನಷ್ಟ ಬಂದದ್ದು ಎಲ್ಲಿಂದ? 1991ರಷ್ಟು ಹಿಂದೆಯೇ ಅವರು ಅಮೆರಿಕದ ಆದಾಯದಲ್ಲಿ ಸುಮಾರು ಶೇ 87ರಷ್ಟು ಹವಾಮಾನದಿಂದ ನಗಣ್ಯವಾಗಿ ಮಾತ್ರ ಬಾಧಿತವಾಗುವ ಚಟುವಟಿಕೆಗಳಿಂದ ಬರುತ್ತದೆ ಎಂದು ಬರೆದಿದ್ದರು. ಕಾರ್ಖಾನೆ, ಕಚೇರಿ, ಬ್ಯಾಂಕು ಎಲ್ಲವೂ ಸೂರಿನ ಕೆಳಗಿವೆಯಲ್ಲ ಎಂಬುದು ಅದರ ಹಿಂದಿನ ಯೋಚನೆ. ಸ್ಟೀವ್ ಕೀನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಕಟುವಾಗಿ ಟೀಕಿಸಿದ್ದಾರೆ, ಆ ಟೀಕೆ ನನಗೂ ಸರಿಯೆನಿಸುತ್ತದೆ. ಸೂರಿನ ಕೆಳಗೆ ಕೂತವನಿಗೂ ನೀರು, ಅನ್ನ, ವಿದ್ಯುತ್ ಹೊರಗಿನಿಂದಲೇ ಬರಬೇಕು.

ಈಗ ನಿಮ್ಮ ತಕ್ಕಡಿಯನ್ನೂ ಈ ಸೂತ್ರವನ್ನೂ ಜೋಡಿಸಿ ನೋಡಿ. ಸೂತ್ರಕ್ಕೆ ನಾವು ಹಾಕುವ ತಾಪಮಾನವೇ ಕೊಡೆಯ ಕೆಳಗೆ ಅಳೆದ ಅನುಭವದಿಂದ ಬಂದದ್ದು. ಆ ತಾಪಮಾನವನ್ನು ರೂಪಾಯಿಗೆ ಬದಲಿಸುವ ಸೂತ್ರವೂ ಸಣ್ಣ ಏರಿಳಿತಗಳ ಅನುಭವದಿಂದ ಎಳೆದು ತಂದದ್ದು. ಎರಡು ತಪ್ಪುಗಳೂ ಒಂದೇ ದಿಕ್ಕಿಗೆ ವಾಲಿವೆ, ಹಾಗಾಗಿ ಒಂದನ್ನೊಂದು ಸರಿದೂಗಿಸುವುದಿಲ್ಲ. ಯೂರೋಪಿನ ವಿಮಾ ಕಂಪನಿಗಳು 200 ವರ್ಷಗಳಿಗೊಮ್ಮೆ ಬರಬಹುದಾದ ಆಘಾತವನ್ನು ತಡೆಯುವಷ್ಟು ಬಂಡವಾಳ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಹೊಣೆಗಾರಿಕೆಯ ಅಳತೆಗೆ ತಕ್ಕಂತೆ ಕನಿಷ್ಠ ಶೇ 150ರ ಸಾಲ್ವೆನ್ಸಿ, ಅಂದರೆ ಹೊಣೆ ತೀರಿಸುವ ಬಂಡವಾಳ, ಇರಬೇಕು. ಒಂದು ಕಂಪನಿ ಮುಳುಗಬಾರದೆಂದು ಇಷ್ಟು ಎಚ್ಚರ ವಹಿಸುವ ನಾವು, ಭೂಮಿಯ ವಿಷಯಕ್ಕೆ ಬಂದಾಗ 1.5 ಡಿಗ್ರಿಯೊಳಗೆ ಉಳಿಯಲು ಶೇ 50ರ ಅವಕಾಶವಿರುವ ಇಂಗಾಲದ ಬಜೆಟ್ಟನ್ನು, ಅಂದರೆ ಇನ್ನೆಷ್ಟು ಇಂಗಾಲ ಬಿಡಬಹುದು ಎಂಬ ಮಿತಿಯನ್ನು, ಮೇಜಿನ ಮೇಲಿಟ್ಟು ಮಾತನಾಡುತ್ತೇವೆ. ಬ್ರಿಟನ್ನಿನ ಆಕ್ಚುಯರಿಗಳ (ವಿಮೆಯ ಅಪಾಯದ ಲೆಕ್ಕ ಹಾಕುವವರ) ಸಂಸ್ಥೆ ಮತ್ತು ಎಕ್ಸೆಟರ್ ವಿಶ್ವವಿದ್ಯಾಲಯ 2023ರಿಂದ ಹೊರತಂದ ವರದಿಗಳಲ್ಲಿ ಇದನ್ನೇ ಹೇಳಿವೆ. 2025ರ ಜನವರಿಯ ವರದಿಯಲ್ಲಂತೂ, ತಡೆಯುವ ಕ್ರಮ ಕೈಗೊಳ್ಳದಿದ್ದರೆ 2070 ಮತ್ತು 2090ರ ನಡುವೆ ಜಗತ್ತಿನ ಜಿಡಿಪಿ ಅರ್ಧದಷ್ಟು ಕುಸಿಯಬಹುದು ಎಂಬ ಎಚ್ಚರಿಕೆ ಇದೆ. ಅದನ್ನು ಭವಿಷ್ಯವಾಣಿಯೆಂದು ಯಾರೂ ಓದಬೇಕಿಲ್ಲ. ನನ್ನ ವೃತ್ತಿಯಲ್ಲಿ ನಾವು ಮೊದಲು ಕೇಳುವುದು ಸರಾಸರಿ ಎಷ್ಟು ಎಂದಲ್ಲ, ಅತಿ ಕೆಟ್ಟದ್ದು ಎಷ್ಟು ಕೆಟ್ಟದಾಗಬಹುದು ಎಂದು.

ವಿಜಯನಗರದ ಅಧ್ಯಾಪಕ

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ನಾನು ಅರ್ಥಶಾಸ್ತ್ರ ಕಲಿಸುವವನು, ಆದ್ದರಿಂದ ನನ್ನ ವಿಷಯದ ಪರವಾಗಿ ಕೆಲವು ಮಾತು ಹೇಳಲೇಬೇಕಾಗಿದೆ.

ಲೆಕ್ಕಿಗರು ಡಿಸ್ಕೌಂಟ್ ದರದ ಮಾತನ್ನು ಎತ್ತಲಿಲ್ಲ. ನಿಜವಾದ ಜಗಳ ಇರುವುದೇ ಅಲ್ಲಿ. ನೂರು ವರ್ಷಗಳ ನಂತರ ಆಗುವ ಒಂದು ಲಕ್ಷ ರೂಪಾಯಿ ನಷ್ಟವನ್ನು ಇಂದಿನ ಬೆಲೆಗೆ ಇಳಿಸಬೇಕು. ವರ್ಷಕ್ಕೆ ಶೇ 1.4ರ ದರದಲ್ಲಿ ಇಳಿಸಿದರೆ ಅದು ಸುಮಾರು 25,000 ರೂಪಾಯಿ. ಶೇ 5ರಲ್ಲಿ ಇಳಿಸಿದರೆ ಸುಮಾರು 760 ರೂಪಾಯಿ. ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ 2006ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಮೊದಲನೆಯ ಬಗೆಯ ದರವನ್ನು ಆರಿಸಿಕೊಂಡರು, ಹಾಗಾಗಿ ತಕ್ಷಣ ಕ್ರಮ ಬೇಕು ಎಂಬ ಉತ್ತರ ಬಂತು. ನಾರ್ಡ್‌ಹೌಸ್ ಮಾರುಕಟ್ಟೆಯ ಬಡ್ಡಿಗೆ ಹತ್ತಿರದ ದರ ಹಿಡಿದರು, ನಿಧಾನವಾಗಿ ಸಾಗೋಣ ಎಂಬ ಉತ್ತರ ಬಂತು. ಅಮೆರಿಕದಲ್ಲಿ ಒಂದು ಟನ್ ಕಾರ್ಬನ್ ಡೈಆಕ್ಸೈಡಿನ ಸಾಮಾಜಿಕ ವೆಚ್ಚ, ಅಂದರೆ ಅದು ಸಮಾಜಕ್ಕೆ ತರುವ ನಷ್ಟದ ಅಂದಾಜು, 51 ಡಾಲರ್ ಇದ್ದದ್ದು 2023ರಲ್ಲಿ 190 ಡಾಲರ್ ಆದದ್ದಕ್ಕೂ ದರವನ್ನು ಶೇ 3ರಿಂದ 2ಕ್ಕೆ ಇಳಿಸಿದ್ದು ಒಂದು ಮುಖ್ಯ ಕಾರಣ.

ಆದರೆ ಹೆಚ್ಚಿನ ದರ ಹಿಡಿಯುವುದು ಮೋಸವಲ್ಲ. ನಮ್ಮ ಮೊಮ್ಮಕ್ಕಳು ನಮಗಿಂತ ಶ್ರೀಮಂತರಾಗಿರುತ್ತಾರೆ ಎಂದಾದರೆ, ಇಂದು ಹೊತ್ತಿನ ಊಟಕ್ಕೆ ಪರದಾಡುವ ಕುಟುಂಬದ ಕೈಯಿಂದ ಹಣ ತೆಗೆದು ಅವರಿಗಾಗಿ ಖರ್ಚು ಮಾಡುವುದು ನ್ಯಾಯವೇ? ಭಾರತದಂಥ ದೇಶಕ್ಕೆ ಇದು ಪುಸ್ತಕದ ಪ್ರಶ್ನೆಯಲ್ಲ. ಇನ್ನೊಂದು ಎಚ್ಚರಿಕೆಯ ಮಾತು: ದೊಡ್ಡ ನಷ್ಟ ತೋರಿಸುವ ಅಧ್ಯಯನಗಳೆಲ್ಲ ಸರಿಯೆಂದು ಹಿಡಿಯಬೇಡಿ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದು ಜಗತ್ತಿನಾದ್ಯಂತ ಉಲ್ಲೇಖವಾದ ಒಂದು ಅಂದಾಜಿನಲ್ಲಿ ಉಜ್ಬೇಕಿಸ್ತಾನದ ಅಂಕಿಅಂಶಗಳ ದೋಷ ಪತ್ತೆಯಾಗಿ, ಕೊನೆಗೆ ಲೇಖಕರೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಡಿಮೆ ತೋರಿಸುವ ಮಾದರಿಯನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಹೆಚ್ಚು ತೋರಿಸುವ ಮಾದರಿಯನ್ನೂ ಪರೀಕ್ಷಿಸಬೇಕು.

ಕೊನೆಯದಾಗಿ ಮೇಷ್ಟ್ರಿಗೆ ಒಂದು ಪ್ರಶ್ನೆ. ಗಂಧಕದ ಕಣ ನಮಗೆ ತಂಪು ಕೊಡುತ್ತಿದೆಯೆಂದಾದರೆ, ಅದನ್ನು ತೆಗೆಯಲು ಸಾವಿರಾರು ಕೋಟಿ ಖರ್ಚು ಮಾಡುವುದು ಸದ್ಯಕ್ಕೆ ಅವಿವೇಕವಲ್ಲವೇ?

ಪೀಣ್ಯ ಎರಡನೇ ಹಂತ

ಈ ಕೊನೆಯ ಪ್ರಶ್ನೆಗೆ ಮೇಷ್ಟ್ರಿಗಿಂತ ಮೊದಲು ನಾನು ಉತ್ತರಿಸಬೇಕೆಂದು ಅನಿಸಿತು, ಅಧ್ಯಾಪಕರು ಕ್ಷಮಿಸಬೇಕು.

ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವ ಸಣ್ಣ ಘಟಕವೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ನಮ್ಮ ಮನೆ ಅಲ್ಲಿಂದ ಒಂದೂವರೆ ಕಿಲೋಮೀಟರ್. ಕರೆಂಟು ಹೋದಾಗ ಸುತ್ತಲಿನ ಹತ್ತಾರು ಶೆಡ್ಡುಗಳಲ್ಲಿ ಡೀಸೆಲ್ ಜನರೇಟರ್ ಒಟ್ಟಿಗೇ ಶುರುವಾಗುತ್ತವೆ. ಅಮ್ಮ ಆ ಸದ್ದು ಕೇಳಿದ ಕೂಡಲೇ ಎದ್ದು ಕಿಟಕಿ ಹಾಕುತ್ತಾರೆ. ಕಿಟಕಿಯವರೆಗೆ ನಡೆದುಹೋಗಿ ಬಂದದ್ದಕ್ಕೇ ಮಂಚದ ತುದಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ ಉಸಿರು ಎಳೆದುಕೊಳ್ಳುತ್ತಾರೆ. ಇನ್ಹೇಲರ್ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಮಾತಾಡಬಾರದು ಎಂದು ಡಾಕ್ಟರು ಹೇಳಿಕೊಟ್ಟಿದ್ದಾರೆ. ಆ ಹತ್ತನ್ನು ನಾನು ಅವರ ಎದುರು ಕೂತು ಬೆರಳಲ್ಲಿ ಎಣಿಸುತ್ತೇನೆ. ಹೊಗೆ ತಂಪು ಕೊಡುತ್ತದೆ, ಇರಲಿ ಬಿಡಿ ಎಂಬ ವಾದವನ್ನು ಓದಿದಾಗ ನನಗೆ ನೆನಪಾದದ್ದು ಆ ಹತ್ತು ಎಣಿಕೆ. ಕೊಡೆಯ ಬಾಡಿಗೆಯನ್ನು ಕಟ್ಟುತ್ತಿರುವವರು ಯಾರು ಎಂಬುದೂ ಲೆಕ್ಕದಲ್ಲಿ ಇರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ, ಅಂದರೆ ಉಸಿರಿನೊಂದಿಗೆ ಒಳಹೋಗುವ ಅತಿ ಸೂಕ್ಷ್ಮ ಕಣಗಳ, ವಾರ್ಷಿಕ ಮಿತಿಯನ್ನು ಘನಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ನಮ್ಮ ದೇಶದ ಮಿತಿ ಇನ್ನೂ 40. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಯ ಮಾನದಂಡವಾದ ಬಿಎಸ್-6 ಬಂದು ಪೆಟ್ರೋಲ್ ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು, ಅದು ನಿಜವಾದ ಒಳ್ಳೆಯ ಕೆಲಸ. ಆದರೆ ಕಲ್ಲಿದ್ದಲ ಸ್ಥಾವರಗಳ ಕಥೆ ಹಾಗಾಗಲಿಲ್ಲ. ಹೊಗೆಯಿಂದ ಗಂಧಕ ತೆಗೆಯುವ ಎಫ್‌ಜಿಡಿ ಘಟಕಗಳನ್ನು ಹಾಕಬೇಕೆಂಬ ನಿಯಮ 2015ರ ಡಿಸೆಂಬರಿನಲ್ಲಿ ಬಂತು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಗಂಧಕ ತಂಪು ಕೊಡುತ್ತದೆ ಎಂಬುದು ವಿಜ್ಞಾನದ ವಿವರಣೆಯಾಗಿರುವವರೆಗೆ ನನಗೆ ತಕರಾರಿಲ್ಲ. ಅದು ಚಿಮಣಿಗೆ ಕೊಡುವ ರಿಯಾಯಿತಿಗೆ ಕಾರಣವಾಗಬಾರದು.

ಬೆಳ್ಳಂದೂರು ನಿವಾಸಿ

ಚಿಕ್ಕದೊಂದು ಸೇರ್ಪಡೆ. 2022ರ ಆಗಸ್ಟ್ 30ರ ಮಳೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ನೌಕರರು ಗಂಟೆಗಟ್ಟಲೆ ಸಿಕ್ಕಿಬಿದ್ದಾಗ, ಅಲ್ಲಿನ ಕಂಪನಿಗಳ ಸಂಘ ಒಂದೇ ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಯವರಿಗೆ ಪತ್ರ ಬರೆಯಿತು. ಆ ಅಂಕಿ ಎಲ್ಲ ಪತ್ರಿಕೆಗಳಲ್ಲೂ ಬಂತು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕಾರ್ಮಿಕರ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ನೆನೆದು ಹಾಳಾದದ್ದಕ್ಕೆ ಯಾವ ಅಂಕಿಯೂ ಇಲ್ಲ. ಜಿಡಿಪಿಯಲ್ಲಿ ನಷ್ಟ ಅಳೆಯುವ ಮಾದರಿಗೆ ಹೆಚ್ಚು ಸಂಬಳದವರ ಐದು ಗಂಟೆ ಕಾಣುತ್ತದೆ. ಕಡಿಮೆ ಸಂಬಳದವರ ಇಡೀ ಮನೆ ಕಾಣುವುದಿಲ್ಲ.

ಪಾವಗಡದವನು, ಈಗ ಯಶವಂತಪುರ

ಲೆಕ್ಕಿಗರು ಹೇಳಿದ ಶೇ 87ರ ಮಾತು ಓದಿ ಬಹಳ ಹೊತ್ತು ಯೋಚಿಸಿದೆ. ಅಮೆರಿಕದ ಆದಾಯದಲ್ಲಿ ಬೇಸಾಯದ ಪಾಲು ಸಣ್ಣದು, ಆದ್ದರಿಂದ ಬೇಸಾಯಕ್ಕೆ ಪೆಟ್ಟು ಬಿದ್ದರೂ ಒಟ್ಟು ನಷ್ಟ ಸಣ್ಣದು ಎಂಬುದು ಆ ವಾದ. ಇದನ್ನು ನಮ್ಮ ದೇಶಕ್ಕೆ ತಂದು ನೋಡಿ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಸುಮಾರು ಶೇ 18. ಆದರೆ 2023-24ರ ಕಾರ್ಮಿಕ ಸಮೀಕ್ಷೆಯಂತೆ ದುಡಿಯುವವರಲ್ಲಿ ಶೇ 46ರಷ್ಟು ಜನ ಕೃಷಿಯಲ್ಲೇ ಇದ್ದಾರೆ. ಬೆಳೆ ಹೋದರೆ ಜಿಡಿಪಿಗೆ ತಗಲುವ ಪೆಟ್ಟು ಒಂದು, ಮನೆಗಳಿಗೆ ತಗಲುವ ಪೆಟ್ಟು ಇನ್ನೊಂದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ನಮ್ಮ ಹೊಲದ ಕಡಲೆಕಾಯಿ ಗಿಡವನ್ನು ಅಪ್ಪ ಬುಡಸಮೇತ ಕಿತ್ತು ನನಗೆ ತೋರಿಸಿದರು. ಬೇರಿನಲ್ಲಿ ಎರಡು ಕಾಯಿ ಇದ್ದವು, ಒಡೆದರೆ ಒಳಗೆ ಬೀಜ ಕಟ್ಟಿರಲಿಲ್ಲ, ಒಣಗಿದ ಸಿಪ್ಪೆಯಷ್ಟೇ ಇತ್ತು. ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿದ್ದು 18,171 ಕೋಟಿ, ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಬಂದದ್ದು 3,454 ಕೋಟಿ. ನಷ್ಟ ಎಷ್ಟು ಎಂಬುದರ ಬಗ್ಗೆ ಎರಡು ಸರ್ಕಾರಗಳ ನಡುವೆಯೇ ಇಷ್ಟು ಅಂತರವಿರುವಾಗ, 2100ರ ನಷ್ಟವನ್ನು ದಶಮಾಂಶದಲ್ಲಿ ಬರೆಯುವ ಸೂತ್ರವನ್ನು ನಾನು ಹೇಗೆ ನಂಬಲಿ?

ಮಳೆಗೂ ಈ ಕಣಗಳಿಗೂ ಸಂಬಂಧವಿದೆ ಎಂದು ಕೇಳಿದ್ದೇನೆ. ಅದನ್ನು ಮೇಷ್ಟ್ರು ದಯವಿಟ್ಟು ವಿವರಿಸಬೇಕು.

ಬಸವನಗುಡಿ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಪೀಣ್ಯದ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಮೊದಲ ಬರಹದಲ್ಲಿ ಕೊಡೆ ಎಂಬ ಹೋಲಿಕೆ ಬಳಸಿದ್ದು ಸರಿಯಾಗಲಿಲ್ಲ ಎಂದು ಈಗ ಅನಿಸುತ್ತಿದೆ. ಕೊಡೆ ನಮ್ಮನ್ನು ಕಾಯುವ ವಸ್ತು. ಈ ಹೊಗೆ ಯಾರನ್ನೂ ಕಾಯುತ್ತಿಲ್ಲ, ಬರಬೇಕಾದ ಬಿಲ್ಲನ್ನು ಮುಚ್ಚಿಡುತ್ತಿದೆ ಅಷ್ಟೇ.

ಮೊದಲು ಮಳೆಯ ವಿಷಯ. ಮುಂಗಾರು ನಡೆಯುವುದು ನೆಲ ಸಮುದ್ರಕ್ಕಿಂತ ಬೇಗ ಕಾಯುವುದರಿಂದ. ನೆಲದ ಮೇಲೆ ಕಣಗಳು ದಟ್ಟವಾದಾಗ ನೆಲಕ್ಕೆ ಬೀಳುವ ಬಿಸಿಲು ಕಡಿಮೆಯಾಗಿ, ನೆಲ ಮತ್ತು ಸಮುದ್ರದ ನಡುವಿನ ಆ ವ್ಯತ್ಯಾಸ ತಗ್ಗುತ್ತದೆ, ಮಾರುತದ ಎಳೆತ ಸಡಿಲವಾಗುತ್ತದೆ. ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಕಡಿಮೆಯಾಗಿದೆ, ಗಂಗಾ ಬಯಲು ಮತ್ತು ನಮ್ಮ ಪಶ್ಚಿಮ ಘಟ್ಟಗಳಲ್ಲಿ ಇಳಿಕೆ ಎದ್ದುಕಾಣುತ್ತದೆ. ಇದರಲ್ಲಿ ಕಣಗಳ ಪಾತ್ರ ಗಣನೀಯ. ಅದೇ ಸಮೀಕ್ಷೆ 1901ರಿಂದ 2018ರವರೆಗೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಮಾತ್ರ ಏರಿದೆ ಎನ್ನುತ್ತದೆ, ಕಣಗಳೂ ನೆಲದ ಬಳಕೆಯ ಬದಲಾವಣೆಯೂ ಏರಿಕೆಯ ಒಂದು ಭಾಗವನ್ನು ಮರೆಮಾಡಿವೆ ಎಂದೂ ಹೇಳುತ್ತದೆ. ಆದ್ದರಿಂದ ಹೊಗೆ ಕೊಟ್ಟ ತಂಪು ಪಾವಗಡದ ರೈತರಿಗೆ ಉಪಕಾರವಾಗಲಿಲ್ಲ. ಇನ್ನೊಂದು ಕಡೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹೊಗೆ ತಿಳಿಯಾದ ಮೇಲೆ ಮಳೆ ಮರಳಿ ಬಂದರೂ ಅದು ಬರುವ ರೀತಿ ನಮ್ಮ ಅಜ್ಜಂದಿರು ಕಂಡ ರೀತಿಯಾಗಿರುವುದಿಲ್ಲ.

ಇನ್ನು ಅಧ್ಯಾಪಕರ ಪ್ರಶ್ನೆ. ಗಂಧಕದ ಕಣ ಗಾಳಿಯಲ್ಲಿ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಅದರ ಜೊತೆ ಅದೇ ಚಿಮಣಿಯಿಂದ ಹೊರಟ ಕಾರ್ಬನ್ ಡೈಆಕ್ಸೈಡ್‌ನ ಒಂದು ಭಾಗ ಶತಮಾನಗಳ ಕಾಲ ಉಳಿಯುತ್ತದೆ. ತಂಪು ಬೇಕೆಂದರೆ ಪ್ರತಿದಿನ ಹೊಸದಾಗಿ ಹೊಗೆ ಬಿಡುತ್ತಲೇ ಇರಬೇಕು, ಬಿಸಿಯಂತೂ ಬಿಟ್ಟಷ್ಟೂ ಕೂಡುತ್ತಲೇ ಹೋಗುತ್ತದೆ. ಪಿನಾಟುಬೊ ಜ್ವಾಲಾಮುಖಿ 1991ರ ಜೂನ್‌ನಲ್ಲಿ ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಮೋಡಗಳಿಗಿಂತ ಎಷ್ಟೋ ಮೇಲಕ್ಕೆ ಎಸೆದಾಗ ಜಗತ್ತು ಅರ್ಧ ಡಿಗ್ರಿಯಷ್ಟು ತಂಪಾಯಿತು. ಕೆಲವೇ ವರ್ಷಗಳಲ್ಲಿ ಆ ತಂಪು ಹೊರಟುಹೋಯಿತು, ಬಿಸಿಯಾಗುವಿಕೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಕೆಳಮಟ್ಟದ ಹೊಗೆಯ ತಂಪು ಇದಕ್ಕಿಂತಲೂ ಅಲ್ಪಾಯುಷಿ.

ಗಂಧಕ ತೆಗೆದಾಗ ಹೊರಬರುವ ಬಿಸಿಯನ್ನು ತಗ್ಗಿಸುವ ದಾರಿಯೂ ಇದೆ, ಅದು ಮೀಥೇನ್ ಮತ್ತು ಮಸಿ. ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಉಳಿಯುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿ ಮಾಡುತ್ತದೆ. ಚಿಮಣಿಯ ಗಂಧಕವನ್ನೂ ಕಸದ ಗುಡ್ಡದ ಮೀಥೇನನ್ನೂ ಡೀಸೆಲ್ಲಿನ ಮಸಿಯನ್ನೂ ಒಟ್ಟಿಗೇ ಇಳಿಸಿದರೆ ಅಮ್ಮಂದಿರಿಗೆ ಉಸಿರು ಸಿಗುತ್ತದೆ, ಥರ್ಮಾಮೀಟರೂ ಒಮ್ಮೆಲೇ ಜಿಗಿಯುವುದಿಲ್ಲ. ಬೆಂಗಳೂರಿನಲ್ಲಿ ಇದು ಬಹಳ ಹತ್ತಿರದ ಕೆಲಸ. ನಗರದ ಹೊರವಲಯದ ಮಂಡೂರು, ಮಾವಳ್ಳಿಪುರದ ಜನ ನಮ್ಮ ನಗರದ ಹಸಿಕಸವನ್ನು ವರ್ಷಗಟ್ಟಲೆ ಹೊತ್ತರು. ಹಸಿಕಸವನ್ನು ಮೂಲದಲ್ಲೇ ಬೇರ್ಪಡಿಸಿ ಗೊಬ್ಬರ ಮಾಡಿದಷ್ಟೂ ಮೀಥೇನ್ ಕಡಿಮೆ. ನಮ್ಮ ರಸ್ತೆಯ ನಲವತ್ತೆರಡು ಮನೆಗಳಲ್ಲಿ ಮೂವತ್ತು ಮನೆಯವರು ಇದನ್ನು ಶಿಸ್ತಿನಿಂದ ಮಾಡುತ್ತಾರೆ. ಉಳಿದ ಹನ್ನೆರಡು ಮನೆಗಳಿಗೆ ನಾನು ಮತ್ತೆ ಹೋಗುತ್ತೇನೆ.

ಲೆಕ್ಕಿಗರು ಹೇಳಿದ ಅತಿ ಕೆಟ್ಟದ್ದರ ಪ್ರಶ್ನೆಯನ್ನು ನಮ್ಮ ನಗರಕ್ಕೂ ಕೇಳಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, 2024ರ ಏಪ್ರಿಲ್‌ನಲ್ಲಿ 38.5. ಶಾಲೆಯ ಸಮಯ, ಕಟ್ಟಡ ಕೆಲಸದ ಸಮಯ, ಆಸ್ಪತ್ರೆಯ ಹಾಸಿಗೆ, ಕಾವೇರಿ ನೀರಿನ ಹಂಚಿಕೆ, ಇವುಗಳ ಯೋಜನೆ ಮಾಡುವವರು ಹಿಂದಿನ ಮೂವತ್ತು ವರ್ಷಗಳ ಸರಾಸರಿಯನ್ನು ಹಿಡಿದು ಕೂರಬಾರದು. ಆ ಮೂವತ್ತು ವರ್ಷಗಳ ಬಿಸಿಲೂ ಸೋಸಿ ಬಂದ ಬಿಸಿಲೇ. 40 ಡಿಗ್ರಿ ದಾಟುವ ಏಪ್ರಿಲ್ ಒಂದು ಬಂದರೆ ನಮ್ಮ ವಾರ್ಡಿನಲ್ಲಿ ಏನು ಸಿದ್ಧವಿದೆ ಎಂದು ಕೇಳಿ ನಾನೊಂದು ಅರ್ಜಿ ಬರೆಯುತ್ತಿದ್ದೇನೆ. ಕರಡನ್ನು ಇಲ್ಲಿ ಹಾಕುತ್ತೇನೆ, ತಿದ್ದಿಕೊಡಿ.

ವಿಮೆಯ ಲೆಕ್ಕಿಗ

ಮೇಷ್ಟ್ರೇ, ಅರ್ಜಿಯ ಅಂಕಿಗಳನ್ನು ನಾನು ನೋಡಿಕೊಡುತ್ತೇನೆ. ಅಧ್ಯಾಪಕರು ಹೇಳಿದ ಉಜ್ಬೇಕಿಸ್ತಾನದ ಪ್ರಸಂಗವನ್ನು ಒಪ್ಪುತ್ತೇನೆ. ಆದರೆ ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 2009ರಲ್ಲಿ ತೋರಿಸಿದ ವಿಷಯವೊಂದನ್ನು ಅವರೂ ತಮ್ಮ ತರಗತಿಯಲ್ಲಿ ಸೇರಿಸಬೇಕೆಂದು ವಿನಂತಿ. ಅತಿ ದೊಡ್ಡ ಅನಾಹುತದ ಸಾಧ್ಯತೆ ಸಣ್ಣದಾಗಿದ್ದರೂ ಬೇಗ ಸೊನ್ನೆಗೆ ಇಳಿಯದಿದ್ದರೆ, ಸರಾಸರಿ ಲಾಭನಷ್ಟದ ಲೆಕ್ಕವೇ ಕೈಕೊಡುತ್ತದೆ. ಅಂದಾಜು ಅನಿಶ್ಚಿತ ಎಂಬುದು ನಿಧಾನಿಸುವುದಕ್ಕೆ ಕಾರಣವಾಗುವುದಿಲ್ಲ. ಪ್ರೀಮಿಯಂ ಹೆಚ್ಚಾಗುವುದೇ ಅನಿಶ್ಚಿತತೆಗೆ.

ವಿಜಯನಗರದ ಅಧ್ಯಾಪಕ

ಪೀಣ್ಯದ ಮೇಡಂ, ನಿಮ್ಮ ಉತ್ತರ ಓದಿದೆ. ನನ್ನ ಕೊನೆಯ ಪ್ರಶ್ನೆಯನ್ನು ಹಿಂತೆಗೆದುಕೊಂಡಿದ್ದೇನೆ. ಡಿಸ್ಕೌಂಟ್ ದರದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಬಡವರ ಇಂದಿನ ಅಗತ್ಯವನ್ನು ಬದಿಗಿಡುವ ಯಾವ ಲೆಕ್ಕವನ್ನೂ ನಾನು ಒಪ್ಪಲಾರೆ. ಆದರೆ ಮೊಮ್ಮಕ್ಕಳು ನಮಗಿಂತ ಶ್ರೀಮಂತರಾಗಿರುತ್ತಾರೆ ಎಂದು ನಾನು ಬರೆದದ್ದು ಊಹೆ, ಅದನ್ನು ನಾನು ತೀರ್ಮಾನದಂತೆ ಬಳಸಿದ್ದೆ. ಸೋಮವಾರ ಎರಡನೇ ಬಿ.ಎ. ತರಗತಿಗೆ ಇದೇ ಪಾಠವಿದೆ. ಹಾನಿಯ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಪಾವಗಡದ ಆ ಶೇ 18 ಮತ್ತು ಶೇ 46ನ್ನು ಪಕ್ಕಪಕ್ಕದಲ್ಲಿ ಬರೆದು, ಸೂತ್ರದಲ್ಲಿ ಇವೆರಡರಲ್ಲಿ ಯಾವುದು ಕಾಣುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳುತ್ತೇನೆ.